ಹೆಬ್ಬೆಟ್ಟು ನಮ್ಮದು, ಹಣ ತೆಗೆದವರು ಬೇರೆಯವರು

ಬೆಂಗಳೂರಿನಲ್ಲಿ ನಿವೇಶನವನ್ನೋ ಫ್ಲ್ಯಾಟನ್ನೋ ಕೊಂಡವರ ಮನೆಯ ಬೀರುವಿನಲ್ಲಿ ಒಂದು ಕ್ರಯಪತ್ರ ಇದ್ದೇ ಇರುತ್ತದೆ. ಅದರ ಹಾಳೆಗಳನ್ನು ತಿರುವಿದರೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ತೆಗೆದ ಭಾವಚಿತ್ರ, ಅದರ ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು, ಸಹಿ, ಇನ್ನೊಂದು ಹಾಳೆಯಲ್ಲಿ ಆಧಾರ್ ಮತ್ತು ಪ್ಯಾನ್ ವಿವರಗಳು ಕಾಣುತ್ತವೆ. ಆಸ್ತಿ ನಮ್ಮದೆಂದು ಸಾಬೀತುಪಡಿಸಲು ಬೇಕಾದುದೆಲ್ಲ ಅಲ್ಲಿದೆ. ನಮ್ಮ ಹೆಸರಿನಲ್ಲಿ ಬೇರೊಬ್ಬರು ಹಣ ತೆಗೆಯಲು ಬೇಕಾದುದೂ ಬಹುಪಾಲು ಅಲ್ಲೇ ಇದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಹಲವರ ಖಾತೆಗಳಿಂದ ಒಟಿಪಿ ಬಾರದೆ, ಕರೆಯೂ ಬಾರದೆ ಹಣ ಹೋಯಿತು. ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚೇ ಸೋರಿರಬೇಕೆಂಬ ಅನುಮಾನ ಬಲವಾದ ಮೇಲೆ, ರಾಜ್ಯದ ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಪ್ರತಿಗಳಲ್ಲಿ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು.

ಇಂಥ ಪ್ರಕರಣಗಳನ್ನು ‘ಹ್ಯಾಕ್ ಆಯಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿಯಾಗಿದೆ. ವಾಸ್ತವದಲ್ಲಿ ಬ್ಯಾಂಕಿನ ಕಂಪ್ಯೂಟರಿಗೆ ಯಾರೂ ನುಗ್ಗಿರುವುದಿಲ್ಲ. ಖಾತೆದಾರರೇ ಬಂದರೆಂದು ನಂಬಿ ವ್ಯವಸ್ಥೆಯೇ ಬಾಗಿಲು ತೆರೆದಿರುತ್ತದೆ. ಗುರುತಿನ ಕಳವು ಎಂದರೆ ಇದೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು ಬೇರೊಬ್ಬರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ಅಥವಾ ಇನ್ನಾವುದೇ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವುದನ್ನು ಪ್ರತ್ಯೇಕ ಅಪರಾಧವೆಂದು ಪರಿಗಣಿಸಿ, 3 ವರ್ಷಗಳವರೆಗಿನ ಸೆರೆವಾಸವನ್ನೂ 1 ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತದೆ. ಕಂಪ್ಯೂಟರ್ ಅಥವಾ ಸಂವಹನ ಸಾಧನ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸುವುದಕ್ಕೆ 66ಡಿ ಕಲಮಿನಲ್ಲಿ ಇಷ್ಟೇ ಶಿಕ್ಷೆಯಿದೆ. ದೂರು ಬರೆಯುವಾಗ ಈ ಎರಡು ಕಲಮುಗಳನ್ನು ಹೆಸರಿಸುವುದು ಕಡ್ಡಾಯವೇನಲ್ಲ. ಆದರೆ ಹೆಸರಿಸಿದರೆ ಠಾಣೆಯಲ್ಲಿ ಮಾತು ಬೇಗ ದಾರಿಗೆ ಬರುತ್ತದೆ.

ಹೆಬ್ಬೆಟ್ಟಿನಿಂದ ಹಣ ಹೋಗುವ ಬಗೆಯನ್ನು ತುಸು ಬಿಡಿಸಿ ನೋಡಬೇಕು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್, ಶಾಖೆಯೂ ಎಟಿಎಂ ಕೂಡ ಇಲ್ಲದ ಊರುಗಳಿಗಾಗಿ ಹುಟ್ಟಿದ ಅನುಕೂಲ. ಬ್ಯಾಂಕಿನ ಪರವಾಗಿ ಊರಿನಲ್ಲೇ ಸೇವೆ ಕೊಡುವ ಬ್ಯಾಂಕ್ ಮಿತ್ರರ ಬಳಿಗೆ ಹೋಗಿ ಬ್ಯಾಂಕಿನ ಹೆಸರು ಹೇಳಿ, ಆಧಾರ್ ಸಂಖ್ಯೆ ಕೊಟ್ಟು, ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಕಾರ್ಡು ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿಂಚಣಿ, ಉದ್ಯೋಗ ಖಾತರಿ ಕೂಲಿ, ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದಾಗ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಅದನ್ನು ಕೈಗೆ ತಂದುಕೊಳ್ಳುವುದು ಈ ಯಂತ್ರದಿಂದಲೇ. ತೊಡಕಿರುವುದು ಏನೆಂದರೆ, ಆಧಾರ್ ಜೋಡಿಸಿದ ಖಾತೆಗೆ ಈ ಸೌಲಭ್ಯ ಖಾತೆದಾರರು ಕೇಳದಿದ್ದರೂ ತಾನಾಗಿಯೇ ಬಂದುಬಿಡುತ್ತದೆ. ತನಗೆ ಅದು ಇದೆಯೆಂಬುದೇ ನಗರದ ಅನೇಕರಿಗೆ ಗೊತ್ತಿರುವುದಿಲ್ಲ. ಕಾಗದದ ಮೇಲಿನ ಬೆರಳಚ್ಚಿನಿಂದ ಸಿಲಿಕೋನ್ ಅಥವಾ ರಬ್ಬರಿನ ಪಡಿಯಚ್ಚು ಮಾಡಿ ಯಂತ್ರದ ಮೇಲೆ ಒತ್ತಿದರೆ, ಹಳೆಯ ಯಂತ್ರಗಳು ಅದನ್ನು ಜೀವಂತ ಬೆರಳೆಂದೇ ನಂಬುತ್ತಿದ್ದವು. 2023ರ ಫೆಬ್ರುವರಿಯಲ್ಲಿ ಆಧಾರ್ ಪ್ರಾಧಿಕಾರವು ಬೆರಳಿನ ಗೆರೆಗಳ ಜೊತೆಗೆ ಬೆರಳಿನ ಚಿತ್ರವನ್ನೂ ತಾಳೆ ನೋಡಿ, ಅದು ನಿಜವಾದ ಬೆರಳೇ ಎಂದು ಪರೀಕ್ಷಿಸುವ ಏರ್ಪಾಡನ್ನು ಪ್ರಕಟಿಸಿತು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಈ ಯಂತ್ರ ನಡೆಸುವವರ ಪೂರ್ವಾಪರವನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಮೂರು ತಿಂಗಳು ಯಂತ್ರ ಬಳಸದವರನ್ನು ಮತ್ತೆ ಪರಿಶೀಲಿಸದೆ ಸೇವೆಗೆ ಬಿಡಬಾರದು ಎಂಬ ನಿರ್ದೇಶನವನ್ನೂ ಹೊರಡಿಸಿತು. ಇವು ಒಳ್ಳೆಯ ಕ್ರಮಗಳೇ. ಆದರೆ ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲು ಬರುವುದಿಲ್ಲ ಎಂಬ ಮೂಲ ಸಮಸ್ಯೆ ಹಾಗೆಯೇ ಉಳಿದಿದೆ.

ಹಣ ಹೋದ ಮೇಲಿನ ಗಂಟೆಗಳು ಹೇಗೆ ಕಳೆಯುತ್ತವೆ ಎಂಬುದು ಮನಸ್ಸಿಗೆ ಬರಲೆಂದು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರದು ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆ. ಖಾತೆಗೆ ಜೋಡಿಸಿರುವ ಮೊಬೈಲ್ ಸಂಖ್ಯೆ ಬೆಂಗಳೂರಿನಲ್ಲಿರುವ ಮಗನದು. ನಾಲ್ಕನೆಯ ಶನಿವಾರಕ್ಕೆ ಮುಂಚಿನ ದಿನ, ಶುಕ್ರವಾರ ಸಂಜೆ, ಮಗನ ಮೊಬೈಲಿಗೆ 10,000 ರೂಪಾಯಿ ಕಡಿತವಾದ ಸಂದೇಶ ಬರುತ್ತದೆ. ಆತ ಫೋನು ಮಾಡಿ, ‘ಅವ್ವಾ, ರೊಕ್ಕ ತಗದೀಯೇನು?’ ಎಂದು ಕೇಳುತ್ತಾನೆ. ‘ಇಲ್ಲಪಾ, ನಾ ಬ್ಯಾಂಕಿನ ಕಡೆ ಹೋಗೇ ಇಲ್ಲ’ ಎಂಬ ಉತ್ತರ ಬರುತ್ತದೆ. ಶನಿವಾರ ಬ್ಯಾಂಕಿಗೆ ರಜೆ, ಮರುದಿನ ಭಾನುವಾರ. ಸೋಮವಾರ ಶಾಖೆಗೆ ಹೋಗಿ ವಿಚಾರಿಸಿದರಾಯಿತೆಂದು ಇಬ್ಬರೂ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಇನ್ನೊಂದು 10,000 ಹೋಗಿರುತ್ತದೆ.

ಈ ತಾಯಿಗೆ ಹಣ ವಾಪಸ್ ಸಿಗಬೇಕೇ, ಸಿಗುವುದಾದರೆ ಎಷ್ಟು ಎಂಬುದಕ್ಕೆ ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೇ ತಳಹದಿ. ಸಹಕಾರಿ ಬ್ಯಾಂಕುಗಳಿಗೂ ಅದೇ ಮಾದರಿಯ ಸುತ್ತೋಲೆ ಆ ವರ್ಷದ ಡಿಸೆಂಬರಿನಲ್ಲಿ ಬಂತು. ಗ್ರಾಹಕರ ಅನುಮತಿಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವಹಿವಾಟುಗಳನ್ನು ಅದು ಮೂರು ಬಗೆಯಾಗಿ ನೋಡುತ್ತದೆ. ತಪ್ಪು ಬ್ಯಾಂಕಿನದಾದರೆ, ಗ್ರಾಹಕರು ದೂರು ಕೊಟ್ಟರೂ ಕೊಡದಿದ್ದರೂ, ನಷ್ಟ ಪೂರ್ತಿ ಬ್ಯಾಂಕಿನದು. ತಪ್ಪು ಗ್ರಾಹಕರದಾದರೆ, ಅಂದರೆ ಅವರೇ ಪಿನ್ ಅಥವಾ ಒಟಿಪಿ ಬೇರೆಯವರಿಗೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಅವರದು, ತಿಳಿಸಿದ ನಂತರದ್ದು ಬ್ಯಾಂಕಿನದು. ತಪ್ಪು ಇಬ್ಬರದೂ ಅಲ್ಲದೆ ವ್ಯವಸ್ಥೆಯ ಬೇರೆಲ್ಲೋ ಇದ್ದರೆ ದಿನಗಳ ಲೆಕ್ಕ ಶುರುವಾಗುತ್ತದೆ: ಬ್ಯಾಂಕಿನಿಂದ ಸಂದೇಶ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ, 4ರಿಂದ 7 ದಿನಗಳಲ್ಲಿ ತಿಳಿಸಿದರೆ ಪ್ರತಿ ವಹಿವಾಟಿಗೆ ಒಂದು ಮಿತಿಯವರೆಗೆ ಹೊಣೆ, ಅದನ್ನೂ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ. ಮಿತಿಯೆಂದರೆ, ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ. 5 ಲಕ್ಷಕ್ಕಿಂತ ಹೆಚ್ಚಿನ ಮಿತಿಯ ಕ್ರೆಡಿಟ್ ಕಾರ್ಡಿನಂಥವಕ್ಕೆ 25,000 ರೂಪಾಯಿ. ವಹಿವಾಟಿನ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಹೊಣೆಯೂ ಅಷ್ಟಕ್ಕೇ ನಿಲ್ಲುತ್ತದೆ.

ದಿನ ಎಣಿಸುವ ಕ್ರಮದಲ್ಲಿ ಗ್ರಾಹಕರ ಪರವಾದ ಒಂದು ಅಂಶವಿದ್ದು, ಅದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಮತ್ತು ಕೆಲಸದ ದಿನ ಯಾವುದೆಂಬುದನ್ನು ಖಾತೆಯಿರುವ ಶಾಖೆಯ ವೇಳಾಪಟ್ಟಿಯಂತೆ ನೋಡಬೇಕು. ಹಾವೇರಿಯ ತಾಯಿಗೆ ಶುಕ್ರವಾರ ಬಿಟ್ಟಿತು, ಶನಿವಾರ ಭಾನುವಾರ ರಜೆ. ಸೋಮವಾರ ಮೊದಲ ದಿನ, ಬುಧವಾರ ಮೂರನೆಯ ದಿನ. ಬುಧವಾರ ಶಾಖೆ ಮುಚ್ಚುವ ಮುನ್ನ ಲಿಖಿತ ದೂರು ಕೊಟ್ಟರೂ ಅವರು ಸುರಕ್ಷಿತ. ಆದರೆ ನಿಯಮ ಕಾಯುತ್ತದೆಂದು ಕಳ್ಳ ಕಾಯುವುದಿಲ್ಲ. ಶುಕ್ರವಾರ ರಾತ್ರಿಯೇ ಮಗ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ತಿಳಿಸಿ, ದೂರಿನ ಸಂಖ್ಯೆ ಪಡೆದಿದ್ದರೆ ಎರಡನೆಯ 10,000 ಹೋಗುತ್ತಿರಲಿಲ್ಲ. ಹೋದರೂ ಅದರ ಹೊಣೆ ಬ್ಯಾಂಕಿನ ತಲೆಗೆ ಬರುತ್ತಿತ್ತು. ದೂರು ಪಡೆಯಲು ಇಪ್ಪತ್ನಾಲ್ಕು ಗಂಟೆಯೂ ವ್ಯವಸ್ಥೆ ಇಟ್ಟಿರಬೇಕು, ದೂರಿನ ಸಂಖ್ಯೆ ಕೊಡಬೇಕು, ದೂರು ಬಂದ ವೇಳೆಯನ್ನು ದಾಖಲಿಸಬೇಕು ಎಂಬುದು ಅದೇ ಸುತ್ತೋಲೆಯ ಮಾತು.

ದೂರು ತಲುಪಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು. ವಿಮೆಯ ಹಣ ಬರಲಿ ಎಂದು ಕಾಯುವಂತಿಲ್ಲ. 90 ದಿನಗಳೊಳಗೆ ಹೊಣೆ ಯಾರದೆಂದು ತೀರ್ಮಾನವಾಗಬೇಕು. ಗ್ರಾಹಕರೇ ತಪ್ಪು ಮಾಡಿದ್ದಾರೆ ಎನ್ನುವುದಾದರೆ ಅದನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದೇ. ಕೌಂಟರಿನಲ್ಲಿ ಮಾತ್ರ ಈ ಕೊನೆಯ ಅಂಶ ತಲೆಕೆಳಗಾಗುತ್ತದೆ: ‘ನೀವೇ ಯಾರಿಗೋ ಒಟಿಪಿ ಕೊಟ್ಟಿರಬೇಕು’ ಎಂಬ ಮಾತು ಮೊದಲು ಬರುತ್ತದೆ, ಗ್ರಾಹಕರು ತಪ್ಪಿತಸ್ಥರಂತೆ ವಿವರಣೆ ಕೊಡತೊಡಗುತ್ತಾರೆ. ಎಇಪಿಎಸ್ ವಂಚನೆಯಲ್ಲಿ ಕೊಡಲು ಒಟಿಪಿಯೇ ಇರುವುದಿಲ್ಲ ಎಂಬುದನ್ನು ಅಲ್ಲೇ ಸಮಾಧಾನದಿಂದ ಹೇಳಬೇಕು. ಭಾರತೀಯ ಸ್ಟೇಟ್ ಬ್ಯಾಂಕಿನ ಅಸ್ಸಾಮಿನ ಗ್ರಾಹಕರೊಬ್ಬರು 94,000 ರೂಪಾಯಿಗೂ ಹೆಚ್ಚು ಕಳೆದುಕೊಂಡು, 24 ಗಂಟೆಗಳೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಹೊಣೆ ಬ್ಯಾಂಕಿನದೆಂದು ಗೌಹಾಟಿ ಹೈಕೋರ್ಟ್ ಹೇಳಿದ್ದನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೇಗ ತಿಳಿಸಿದ್ದು ಅವರಿಗೆ ದೊಡ್ಡ ಬಲವಾಯಿತು.

ಶಾಖೆಗೆ ಕೊಡುವ ದೂರು ಒಂದು ಪುಟ ಮೀರಬೇಕಿಲ್ಲ. ಖಾತೆ ಸಂಖ್ಯೆ, ಕಡಿತವಾದ ದಿನ ಮತ್ತು ವೇಳೆ, ಮೊತ್ತ, ವಹಿವಾಟಿನ ಸಂಖ್ಯೆ, ಸಂದೇಶ ಬಂದ ಸಮಯ, ಆ ಹೊತ್ತಿನಲ್ಲಿ ಖಾತೆದಾರರು ಎಲ್ಲಿದ್ದರು, ಈ ವಹಿವಾಟು ನನ್ನದಲ್ಲ ಎಂಬ ಒಂದು ಸ್ಪಷ್ಟ ವಾಕ್ಯ, 2017ರ ಸುತ್ತೋಲೆಯ ಉಲ್ಲೇಖ, ಇಷ್ಟಿದ್ದರೆ ಸಾಕು. ಹೆಬ್ಬೆಟ್ಟಿನ ವಹಿವಾಟಾದರೆ ಯಾವ ಊರಿನ, ಯಾವ ಯಂತ್ರದಿಂದ ಹಣ ಹೋಯಿತೆಂಬ ವಿವರವನ್ನೂ ಅದೇ ಪತ್ರದಲ್ಲಿ ಕೇಳಬೇಕು. ಹಾವೇರಿಯಲ್ಲಿದ್ದವರ ಬೆರಳು ಅದೇ ಸಂಜೆ ಬೇರೊಂದು ರಾಜ್ಯದಲ್ಲಿ ಒತ್ತಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ ಮತ್ತು ಸಹಿ ಹಾಕಿಸಿಕೊಂಡೇ ಹೊರಬರಬೇಕು. ‘ಸಾಹೇಬರು ಊಟಕ್ಕೆ ಹೋಗಿದ್ದಾರೆ, ಇಟ್ಟು ಹೋಗಿ’ ಎಂದರೆ ಸಾಹೇಬರು ಬರುವವರೆಗೆ ಬೆಂಚಿನ ಮೇಲೆ ಕುಳಿತಿರುವುದೇ ಲೇಸು. ಆ ಮೊಹರಿನ ದಿನಾಂಕವೇ ಮುಂದೆ 3 ದಿನ, 10 ದಿನ, 90 ದಿನಗಳ ಲೆಕ್ಕಕ್ಕೆಲ್ಲ ಆಧಾರ.

ಬ್ಯಾಂಕಿನ ದಾರಿ ಒಂದಾದರೆ ಪೊಲೀಸರ ದಾರಿ ಇನ್ನೊಂದು. ಎರಡನ್ನೂ ಒಟ್ಟಿಗೆ ಹಿಡಿಯಬೇಕು. 1930 ಎಂಬ ಸಂಖ್ಯೆಗೆ ಕರೆ ಮಾಡಿದರೆ, ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ ನಡೆಯುವ ವ್ಯವಸ್ಥೆಯ ಮೂಲಕ, ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಕಮಿಷನ್ ಆಸೆಗೆ ಖಾತೆ ಬಾಡಿಗೆಗೆ ಕೊಟ್ಟವರ ಮೂಲಕ ಒಂದರಿಂದ ಇನ್ನೊಂದಕ್ಕೆ ಹರಿದು ಕೊನೆಗೆ ಎಟಿಎಂನಿಂದ ನಗದಾಗಿ ಹೊರಬೀಳುತ್ತದೆ. ಆ ಹರಿವಿನ ಮಧ್ಯೆ ಎಲ್ಲಿ ಸಿಕ್ಕರೆ ಅಲ್ಲಿ ತಡೆ ಹಾಕುವುದು 1930ರ ಕೆಲಸ. ಕರೆಯ ನಂತರ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರನ್ನು ಪೂರ್ಣಗೊಳಿಸಬೇಕು. ದೊಡ್ಡ ಮೊತ್ತವಾದರೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆಯಲ್ಲಿ ಎಫ್‌ಐಆರ್ ದಾಖಲಿಸಬೇಕು. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದದ್ದು. ಈಗ ಆರ್ಥಿಕ ಅಪರಾಧ ಮತ್ತು ಮಾದಕ ದ್ರವ್ಯ ಪ್ರಕರಣಗಳನ್ನೂ ಸೇರಿಸಿಕೊಂಡ ಸೆನ್ ಠಾಣೆಗಳು ಜಿಲ್ಲೆಗಳಲ್ಲಿವೆ. ಅಪರಾಧ ಬೇರೆ ಸರಹದ್ದಿನಲ್ಲಿ ನಡೆದಿದೆಯೆಂದು ದೂರು ನಿರಾಕರಿಸುವಂತಿಲ್ಲ ಎಂಬುದನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಸ್ಪಷ್ಟಪಡಿಸಿದೆ. ತಡೆಹಿಡಿದ ಹಣ ತಾನಾಗಿ ವಾಪಸ್ ಬರುವುದಿಲ್ಲ ಎಂಬುದೂ ತಿಳಿದಿರಲಿ. ಮೊತ್ತ ದೊಡ್ಡದಾದರೆ ಸಾಮಾನ್ಯವಾಗಿ ಎಫ್‌ಐಆರ್ ಪ್ರತಿಯೊಡನೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆದೇಶ ಪಡೆಯಬೇಕಾಗುತ್ತದೆ.

ಬ್ಯಾಂಕು 30 ದಿನಗಳಾದರೂ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಕರೆ ಮಾಡಿದರೆ ವಿವರ ಸಿಗುತ್ತದೆ.

ಖಾತೆಯಿಂದ ಹಣ ಹೋದರೆ ಸಂದೇಶವಾದರೂ ಬರುತ್ತದೆ. ನಮ್ಮ ಪ್ಯಾನ್ ಬಳಸಿ ಬೇರೆಯವರು ಸಾಲ ಪಡೆದರೆ ತಿಂಗಳುಗಟ್ಟಲೆ ಸುಳಿವೇ ಸಿಗುವುದಿಲ್ಲ. ಗೃಹಸಾಲಕ್ಕೆ ಅರ್ಜಿ ಹಾಕಿದ ದಿನವೋ, ವಸೂಲಿಯವರ ಕರೆ ಬಂದ ದಿನವೋ ವಿಷಯ ಹೊರಬೀಳುತ್ತದೆ. ನನ್ನ ಮಟ್ಟಿಗೆ ಗುರುತಿನ ಕಳವಿನ ಅತ್ಯಂತ ಕೆಟ್ಟ ರೂಪ ಇದು, ಏಕೆಂದರೆ ಇಲ್ಲಿ ಹೋಗುವುದು ನಮ್ಮ ದುಡ್ಡಲ್ಲ, ನಮ್ಮ ಮೇಲಿನ ನಂಬಿಕೆ, ನಮ್ಮ ಪತ್ತು. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ನಮ್ಮ ಸಾಲಗಳ ಲೆಕ್ಕ ಇಟ್ಟಿರುತ್ತವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದು ಸಂಸ್ಥೆಯಿಂದ ವರದಿ ತರಿಸಿಕೊಂಡರೆ ವರ್ಷವಿಡೀ ಕಾವಲಿಟ್ಟಂತೆ. ವರದಿಯಲ್ಲಿ ಅಂಕ ಎಷ್ಟಿದೆ ಎಂಬುದನ್ನಷ್ಟೇ ನೋಡಿ ಮುಚ್ಚುವವರು ಬಹಳ. ನೋಡಬೇಕಾದದ್ದು ಕೊನೆಯ ಪುಟಗಳನ್ನು. ಯಾವ ಯಾವ ಸಂಸ್ಥೆ ನಮ್ಮ ವರದಿಯನ್ನು ಯಾವತ್ತು ಕೇಳಿದೆ, ನಮ್ಮ ಹೆಸರಿಗೆ ಯಾವ ವಿಳಾಸ ಮತ್ತು ಮೊಬೈಲ್ ಸಂಖ್ಯೆ ದಾಖಲಾಗಿವೆ ಎಂಬುದು ಅಲ್ಲಿರುತ್ತದೆ. ಎಂದೂ ವಾಸಿಸದ ಊರಿನ ವಿಳಾಸ ಕಂಡರೆ ಸಾಲಕ್ಕಿಂತ ಮೊದಲು ಕಾಣುವ ಸುಳಿವು ಅದೇ. ತಕರಾರು ಸಲ್ಲಿಸಿದ 30 ದಿನಗಳೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲ ಕೊಟ್ಟ ಸಂಸ್ಥೆಗೂ ಅದೇ ದಿನ ಬರೆದು, ಸಾಲದ ಅರ್ಜಿಗೆ ಲಗತ್ತಿಸಿದ ದಾಖಲೆಗಳ ಪ್ರತಿ ಕೇಳಬೇಕು. ನಮ್ಮ ಪ್ಯಾನಿನ ಮೇಲೆ ಯಾರದೋ ಭಾವಚಿತ್ರ ಅಂಟಿರುವುದು ಅಲ್ಲಿ ಸಿಕ್ಕೀತು.

ಹೆಬ್ಬೆಟ್ಟಿನ ಕಳವು, ಪ್ಯಾನಿನ ಮೇಲಿನ ಸಾಲ ಎಂಬ ಈ ಎರಡು ಬಗೆಗಳಲ್ಲೂ ಗ್ರಾಹಕರ ಕೈ ಇಲ್ಲ. ಮೂರನೆಯ ಬಗೆಯಲ್ಲಿ ವಂಚಕರು ಗ್ರಾಹಕರ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕರೆಯಲ್ಲಿ ‘ಡಿಜಿಟಲ್ ಅರೆಸ್ಟ್’ ಮಾಡುವವರು, ಮದುವೆ ಕರೆಯೋಲೆಯೆಂದೋ ಸಂಚಾರ ದಂಡದ ಚಲನ್ ಎಂದೋ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಡತ ಕಳಿಸುವವರು ಈ ಗುಂಪಿನವರು. ಎಪಿಕೆ ಎಂದರೆ ಆ್ಯಪ್ ಸ್ಥಾಪಿಸುವ ಕಡತ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆಯೇ ಹೊರತು ಆ್ಯಪ್ ಆಗಿ ಬರುವುದಿಲ್ಲ. ಅದನ್ನು ಒತ್ತಿ ಅನುಮತಿ ಕೊಟ್ಟರೆ ಮೊಬೈಲಿಗೆ ಬರುವ ಒಟಿಪಿ ನೇರವಾಗಿ ಅವರ ಕಣ್ಣಿಗೆ ಬೀಳುತ್ತದೆ. ಡಿಜಿಟಲ್ ಅರೆಸ್ಟ್ ಎಂಬುದು ದೇಶದ ಯಾವ ಕಾನೂನಿನಲ್ಲೂ ಇಲ್ಲ. ಹೆದರಿ ತಾವೇ ಆರ್‌ಟಿಜಿಎಸ್ ಮಾಡಿದವರಿಗೆ 2017ರ ಸುತ್ತೋಲೆಯ ರಕ್ಷಣೆ ದಕ್ಕುವುದು ಕಷ್ಟ, ಏಕೆಂದರೆ ಬ್ಯಾಂಕಿನ ದೃಷ್ಟಿಯಲ್ಲಿ ಅದು ಅನುಮತಿಯಿಲ್ಲದ ವಹಿವಾಟಲ್ಲ. ಹೆದರಿಸಿ ಪಡೆದ ಅನುಮತಿಯನ್ನು ಅನುಮತಿಯೆಂದೇ ಎಣಿಸುವುದು ನ್ಯಾಯವಲ್ಲವೆಂದು ನನಗನ್ನಿಸುತ್ತದೆ, ಆದರೆ ನಿಯಮದ ಭಾಷೆ ಸದ್ಯಕ್ಕೆ ಹಾಗಿದೆ. ಹಾಗಾಗಿ ಇಂಥವರಿಗೆ 1930ರ ಮೊದಲ ಒಂದೆರಡು ಗಂಟೆಗಳೇ ದೊಡ್ಡ ಆಸರೆ.

ಮುನ್ನೆಚ್ಚರಿಕೆಯ ಮಾತಿಗೆ ಬಂದರೆ, ಮೊದಲು ಹೆಬ್ಬೆಟ್ಟಿಗೆ ಬೀಗ ಹಾಕಬೇಕು. ಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಯಾವ ಯಂತ್ರದ ಮೇಲೆ ಒತ್ತಿದರೂ ನಮ್ಮ ಬೆರಳು ಒಪ್ಪಿಗೆಯಾಗುವುದಿಲ್ಲ. ಬೇಕಾದಾಗ ತಾತ್ಕಾಲಿಕವಾಗಿ ತೆರೆದು ಮತ್ತೆ ಮುಚ್ಚಬಹುದು. ನಗರದಲ್ಲಿ ಕಾರ್ಡು, ಯುಪಿಐ ಬಳಸುವವರಿಗೆ ಇದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತರುವ ಅಜ್ಜಿಗೆ ಊರಿಂದ ದೂರವಿರುವ ಮೊಮ್ಮಗ ಬೀಗ ಹಾಕಿಬಿಟ್ಟರೆ, ತಿಂಗಳ ಪಡಿತರ ತಪ್ಪೀತು. ಅಂಥವರಿಗೆ ಸಬ್ಸಿಡಿ ಬೀಳುವ ಖಾತೆಯಲ್ಲಿ ಅಗತ್ಯದಷ್ಟೇ ಹಣ ಉಳಿಸಿ, ಉಳಿದದ್ದನ್ನು ಠೇವಣಿಯಲ್ಲಿ ಇಡಿಸುವುದು ವಾಸಿ. ಆಧಾರ್ ಜಾಲತಾಣದಲ್ಲಿ ಕಳೆದ ಆರು ತಿಂಗಳ ದೃಢೀಕರಣಗಳ ಪಟ್ಟಿಯೂ ಸಿಗುತ್ತದೆ. ಬೆರಳು ಒತ್ತದ ದಿನ ಬೆರಳಿನ ದೃಢೀಕರಣ ನಡೆದಿದ್ದರೆ ಅಲ್ಲಿ ಕಾಣುತ್ತದೆ.

ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ ಆಧಾರ್ ಮುದ್ರಿಸಿಕೊಂಡು ಕಡತವನ್ನು ಅಲ್ಲೇ ಬಿಟ್ಟು ಬರುವುದು, ಲಾಡ್ಜಿನ ಕೌಂಟರಿಗೂ ಕೊಡೆಯ ಕೆಳಗೆ ಸಿಮ್ ಮಾರುವವರಿಗೂ ಪೂರ್ಣ ಪ್ರತಿ ಕೊಡುವುದು ನಮ್ಮಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಉಚಿತವಾಗಿ ಸಿಗುತ್ತದೆ. ಪ್ಯಾನ್ ಪ್ರತಿ ಕೊಡಲೇಬೇಕಾದಾಗ, ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ದಿನ ಕೊಟ್ಟದ್ದೆಂದು ಪ್ರತಿಯ ಮೇಲೆ ಅಡ್ಡಲಾಗಿ ಬರೆದು ಸಹಿ ಮಾಡುವ ಹಳೆಯ ಗುಮಾಸ್ತರ ಪದ್ಧತಿ ಈಗಲೂ ಉಪಯುಕ್ತ. ಅದೇ ಪ್ರತಿಯನ್ನು ಬೇರೆಡೆ ಬಳಸುವುದು ಆಗ ಸುಲಭವಲ್ಲ. ಬ್ಯಾಂಕಿನ ಜಾಲತಾಣದ ವಿಳಾಸ ಈಗ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳಬೇಕು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಎಂದೂ ಬೇಕಿಲ್ಲ. ಮಿಕ್ಕ ಎಚ್ಚರಿಕೆಗಳು ಬ್ಯಾಂಕಿನ ಗೋಡೆಯ ಮೇಲೆಯೇ ಇವೆ.

ಮೊಬೈಲ್ ಸಂಖ್ಯೆಯ ವಿಷಯ ಮಾತ್ರ ಗೋಡೆಯ ಮೇಲೆ ಇರುವುದಿಲ್ಲ. ಒಬ್ಬರ ಹೆಸರಿನಲ್ಲಿ 9 ಸಿಮ್‌ಗಳವರೆಗೆ ಇರಬಹುದು. ನಮ್ಮ ಹೆಸರಿನಲ್ಲಿ ನಾವರಿಯದ ಸಿಮ್ ಇದೆಯೇ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನೋಡಿ, ಇದ್ದರೆ ಅಲ್ಲೇ ‘ನನ್ನದಲ್ಲ’ ಎಂದು ತಿಳಿಸಬಹುದು. ಮೊಬೈಲಿನಲ್ಲಿ ಸಿಗ್ನಲ್ ಏಕಾಏಕಿ ಸತ್ತು, ಪಕ್ಕದವರದು ಸರಿಯಾಗಿದ್ದರೆ, ನಮ್ಮ ಸಂಖ್ಯೆಗೆ ಬೇರೆಯವರು ಹೊಸ ಸಿಮ್ ತೆಗೆದಿರುವ ಸಾಧ್ಯತೆಯಿದೆ. ಕೂಡಲೇ ಬ್ಯಾಂಕಿಗೆ ಮತ್ತೊಂದು ಫೋನಿನಿಂದ ತಿಳಿಸಬೇಕು. ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ಸಂಖ್ಯೆ ಶಾಶ್ವತವಾಗಿ ನಮ್ಮದಾಗಿ ಉಳಿಯುವುದಿಲ್ಲ; ಅದು ರದ್ದಾಗಿ 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಹಂಚಿಕೆಯಾಗಬಹುದು, ಅವರು ಯಾವ ದುರುದ್ದೇಶವೂ ಇಲ್ಲದವರಾದರೂ ನಮ್ಮ ಒಟಿಪಿ ಅವರ ಮೊಬೈಲಿಗೆ ಹೋಗುತ್ತಿರುತ್ತದೆ. ಹಳ್ಳಿಯ ಖಾತೆಗಳಲ್ಲಿ ಇದು ಇನ್ನೂ ವಿಚಿತ್ರವಾಗಿರುತ್ತದೆ: ಖಾತೆ ತೆರೆದ ದಿನ ಅರ್ಜಿ ತುಂಬಿಕೊಟ್ಟ ಪಕ್ಕದ ಮನೆಯ ಹುಡುಗನ ಸಂಖ್ಯೆಯೇ ಹತ್ತು ವರ್ಷಗಳಿಂದ ಅಲ್ಲಿ ಉಳಿದಿರುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅವ್ವನ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ, ಖಾತೆಗೆ ಯಾರ ಸಂಖ್ಯೆ ಜೋಡಿಸಿದೆ ಎಂದು ಕೇಳಿ, ಬದಲಾಯಿಸುವ ಅರ್ಜಿಯನ್ನು ಅಲ್ಲೇ ತುಂಬಿ ಕೊಟ್ಟು ಬರಬಹುದು.